ಡಬ್ಬಿ ಒಂದು, ಆರ್ಭಟ ನೂರು

ಗುಂಡ: ಐರಿಷ್ ಗಿಟಾರ್ ವಾದಕ ರೋರಿ ಗ್ಯಾಲಗರ್ ಅವರ ಲೈವ್ ಆಲ್ಬಂ ‘ಐರಿಷ್ ಟೂರ್ 74’ ಕೇಳ್ತಿದ್ರೆ ಆಂಪ್ಲಿಫೈಯರ್ ವಾಲ್ಯೂಮ್‌ನ ಹತ್ತಕ್ಕೆ ತಿರುಗಿಸ್ಬಿಡೋಣ ಅನ್ಸುತ್ತೆ ಕಣ್ರೋ.

ಶೀನ: ತಿರುಗಿಸು. ಮನೆ ಓನರ್ ನಿನ್ನನ್ನ ಬೀದಿಗೆ ತಿರುಗಿಸ್ತಾರೆ. ರೋರಿ ಅವರದ್ದು ವಾಕ್ಸ್ ಎಸಿ30 ಆಂಪ್, ಬರೀ 30 ವ್ಯಾಟ್. ಕರಾಮತ್ತು ಅದರ ತಲೆ ಮೇಲೆ ಕೂರೋ ಡಬ್ಬಿದು, ಮೇಲಿನ ಸ್ವರಗಳನ್ನ ಉಬ್ಬಿಸೋ ಡಲ್ಲಾಸ್ ರೇಂಜ್‌ಮಾಸ್ಟರ್. ಒಳಗೆ ಒಂದೇ ಒಂದು ಜರ್ಮೇನಿಯಂ ಟ್ರಾನ್ಸಿಸ್ಟರ್, ಒಸಿ44.

ರಾಜಿ: ಒಂದಕ್ಕೇ ಇಷ್ಟು ಆರ್ಭಟನಾ?

ಶೀನ: ಇನ್‌ಪುಟ್‌ನಲ್ಲಿರೋದು ಸುಮಾರು 5 ನ್ಯಾನೋಫ್ಯಾರಡ್ ಕೆಪಾಸಿಟರ್. ಗಿಟಾರ್‌ನ ಕೆಳಗಿನ ಸ್ವರಗಳನ್ನ ಬಾಗಿಲಲ್ಲೇ ನಿಲ್ಲಿಸುತ್ತೆ. ಮೇಲಿನ ಸ್ವರಗಳಷ್ಟೇ ಉಬ್ಬಿ ಆಂಪ್‌ನ ವಾಲ್ವ್‌ಗೆ ಹೋಗಿ ಬಡಿಯುತ್ತೆ. ಅದಕ್ಕೇ ಅವರ ಬ್ಯಾಂಡಿನ ಗೆರಿ ಮೆಕ್‌ಅವಾಯ್ ಬೇಸ್ ಗಿಟಾರು, ಲೂ ಮಾರ್ಟಿನ್ ಕೀಬೋರ್ಡು ಇಷ್ಟು ಗದ್ದಲದಲ್ಲೂ ಬಿಡಿಬಿಡಿಯಾಗಿ ಕೇಳ್ಸೋದು.

ಗುಂಡ: ಅಂಥ ಪೆಡಲ್, ಕಾಲಲ್ಲಿ ಒತ್ತೋ ಡಬ್ಬಿ, ಈಗಲೂ ಸಿಗುತ್ತಲ್ಲ. ಎಲ್ಲಾ ಪೆಡಲ್ ಆದ್ಮೇಲೆ ಕೊನೇಲಿ ಸಿಕ್ಕಿಸಿದ್ರಾಯ್ತು.

ಶೀನ: ಆಯ್ತು ಕತೆ! ಅದಕ್ಕೆ ಗಿಟಾರ್ ನೇರವಾಗಿ ಬರ್ಬೇಕು. ಅದಕ್ಕೂ ಮೊದಲು ಬಫರ್ (ಸಿಗ್ನಲ್‌ಗೆ ಬಲ ಕೊಡೋ ಸರ್ಕ್ಯೂಟ್) ಇರೋ ಟ್ಯೂನರ್ ಕೂರಿಸಿದ್ರೆ ಬರೀ ಕೀರಲು. ಗಿಟಾರ್‌ನ ವಾಲ್ಯೂಮ್ ಇಳಿಸಿದ್ರೂ ಸ್ವರ ತಿಳಿಯಾಗಲ್ಲ. ನೇರ ಹಾಕಿದ್ರೆ 10ರಲ್ಲಿ ಗರ್ಜನೆ, 6ಕ್ಕೆ ಇಳಿಸಿದ್ರೆ ಶುದ್ಧ ಸ್ವರ, ಕಾಲಿಗೆ ಕೆಲಸಾನೇ ಇಲ್ಲ.

ರಾಜಿ: ಪವರು? ಎಲ್ಲದಕ್ಕೂ ಒಂದೇ ಅಡಾಪ್ಟರ್ ಸಾಕಲ್ವಾ?

ಶೀನ: ಹಳೇ ಸರ್ಕ್ಯೂಟ್‌ನಲ್ಲಿ ಗ್ರೌಂಡ್‌ಗೆ ಸೇರೋದು ಬ್ಯಾಟರಿಯ ಪಾಸಿಟಿವ್ ತುದಿ, ಬೇರೆ ಪೆಡಲ್‌ಗಳದ್ದು ನೆಗೆಟಿವ್. ಒಂದೇ ವೈರಿಗೆ ಪೋಣಿಸಿದ್ರೆ ಶಾರ್ಟ್. ಅದಕ್ಕೇ ಅಂತ ಒಂದು 9 ವೋಲ್ಟ್ ಬ್ಯಾಟರಿ ಕೊಡು. ಇನ್ನೊಂದು ಪೀಡೆ, ಬಿಸಿಲು. ಬಿಸಿಯಾದ ಜರ್ಮೇನಿಯಂನಲ್ಲಿ ಕರೆಂಟ್ ಸೋರಿಕೆ ಏರುತ್ತೆ, ಟ್ರಾನ್ಸಿಸ್ಟರ್‌ನ ಕಲೆಕ್ಟರ್ ತುದಿಯಲ್ಲಿ ಮೈನಸ್ 7 ವೋಲ್ಟ್ ಸುತ್ತಮುತ್ತ ಇರಬೇಕಾದ್ದು ಕುಸಿಯುತ್ತೆ, ಸ್ವರ ಒಡೆಯುತ್ತೆ. ರೋರಿ ಅವರಿಗೇನು, ಐರ್ಲೆಂಡಿನ ಜನವರಿ!

ರಾಜಿ: ಜನವರಿ 1974. ಬೆಲ್‌ಫಾಸ್ಟ್, ಡಬ್ಲಿನ್, ಕಾರ್ಕ್. ಬ್ರಿಟಿಷ್ ಸಂಗೀತಗಾರ ರಾನಿ ಲೇನ್ ಅವರ ಸಂಚಾರಿ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದ್ದು. ಬಾಂಬಿನ ಭಯಕ್ಕೆ ಬೆಲ್‌ಫಾಸ್ಟ್ ಕಡೆ ಹೆಚ್ಚಿನ ಬ್ಯಾಂಡ್‌ಗಳು ತಲೆ ಹಾಕದ ಕಾಲ ಅದು. ಈ ಪುಣ್ಯಾತ್ಮ ಹೋದ್ರೆ ಜನ ಕೂಗದೆ ಇರ್ತಾರಾ?

ಗುಂಡ: ಹಾಗಾದ್ರೆ ಅರ್ಧ ಕಾವು ಜನರದ್ದೇ ಅನ್ನು.

ಶೀನ: ಇದರಲ್ಲೇ ಇರೋ ‘ಎ ಮಿಲಿಯನ್ ಮೈಲ್ಸ್ ಅವೇ’ ಹಾಡು ಕೇಳು. ನಡುವೆ ಬ್ಯಾಂಡು ಪೂರ್ತಿ ತಗ್ಗುತ್ತೆ, ಗಿಟಾರ್ ಮೆಲ್ಲಗೆ ಏರ್ತಾ ಬರುತ್ತೆ. ಮೊದಲಿಂದ ಹತ್ತರಲ್ಲೇ ನುಡಿಸಿದ್ರೆ ಏರೋಕೆ ಜಾಗ ಎಲ್ಲಿರುತ್ತೆ?

ರಾಜಿ: ಅವರ ಗಿಟಾರ್ 1961ರ ಸ್ಟ್ರ್ಯಾಟೋಕ್ಯಾಸ್ಟರ್. ಬಣ್ಣ ಕಿತ್ತು ಮರ ಕಾಣ್ತಿತ್ತು. ಈಗ ಹೊಸ ಗಿಟಾರನ್ನೇ ಹಾಗೆ ಕೆರೆದು ದುಪ್ಪಟ್ಟು ರೇಟಿಗೆ ಮಾರ್ತಾರೆ.

ಗುಂಡ: ಕೆರೆಯೋಕೆ ದುಡ್ಡು ಯಾಕೆ? ನಮ್ಮನೇಲಿ ಬೆಕ್ಕಿದೆ.

ಶೀನ: ಮೊದಲು ಗಿಟಾರ್ ತಗೋ ಮಾರಾಯ!