'ಅಲೈನ್‌ಮೆಂಟ್'ಗೆ ಕನ್ನಡದಲ್ಲಿ ಏನನ್ನೋಣ? 'ಹೊಂದಾಣಿಕೆ' ಬೇಡ, 'ತಾಳೆ' ಹೇಗೆ?

ಗೆಳೆಯರಿಗೆ ನಮಸ್ಕಾರ,

ಒಂದು ಪದದ ಬಗ್ಗೆ ನಿಮ್ಮನ್ನೆಲ್ಲ ಕೇಳಬೇಕಿತ್ತು. ನಾನು ಬೆಂಗಳೂರಿನಲ್ಲಿ ಡಿಜಿಟಲ್ ಕನ್ಸಲ್ಟಿಂಗ್ ಕೆಲಸದಲ್ಲಿದ್ದೇನೆ. ಯಾವುದೋ ಸಂಸ್ಥೆಗೆ ಆ್ಯಪ್ ಬೇಕಿರುತ್ತೆ, ಇನ್ಯಾವುದಕ್ಕೋ ಹಳೇ ಸಾಫ್ಟ್‌ವೇರ್ ಬದಲಾಯಿಸಬೇಕಿರುತ್ತೆ. ನಾವು ಹೋಗಿ ಅವರ ಜೊತೆ ಕೂತು ಅದನ್ನು ಮಾಡಿಸುತ್ತೇವೆ. ಈ ಕೆಲಸದಲ್ಲಿ ಬೆಳಗಿಂದ ಸಂಜೆವರೆಗೂ ಕಿವಿಗೆ ಬೀಳುವ ಮಾತು ಅಂದರೆ ಅಲೈನ್‌ಮೆಂಟ್, ಅಂದರೆ ಬೇರೆ ಬೇರೆ ತಂಡಗಳ ಕೆಲಸ ಒಂದೇ ಗುರಿಯ ಕಡೆ ಸಾಗುವುದು. 'ಪ್ರಾಡಕ್ಟ್ ಟೀಮೂ ಟೆಕ್ ಟೀಮೂ ಅಲೈನ್ ಆಗಿಲ್ಲ', 'ನಾಳೆ ಒಂದು ಅಲೈನ್‌ಮೆಂಟ್ ಕಾಲ್ ಇಟ್ಕೊಳ್ಳೋಣ', 'ಮೇಲಿನವರು ಇನ್ನೂ ಅಲೈನ್ ಆಗ್ಬೇಕು'. ಮಾತಿನಲ್ಲಿ ಇದಕ್ಕೆ ನನ್ನ ತಕರಾರಿಲ್ಲ. ಗ್ಯಾರೇಜಿನ ಬೋರ್ಡಿನಲ್ಲಿ ವೀಲ್ ಅಲೈನ್‌ಮೆಂಟ್ ಅಂತ ಇರುತ್ತೆ, ಅದು ಎಲ್ಲರಿಗೂ ತಿಳಿಯುತ್ತೆ, ಅಲ್ಲಿಗೆ ಮುಗೀತು. ತೊಂದರೆ ಬರುವುದು ಕನ್ನಡದಲ್ಲಿ ಬರೆದು ಕೊಡಬೇಕಾದಾಗ.

ಈಚೆಗೆ ಹಲವು ಶಾಖೆಗಳಿರುವ ಒಂದು ಪತ್ತಿನ ಸಹಕಾರ ಸಂಘಕ್ಕೆ ಕೆಲಸ ಮಾಡಿದೆವು. ಸದಸ್ಯರು ಫೋನಿನಲ್ಲೇ ಸಾಲ, ಠೇವಣಿ ವಿವರ ನೋಡುವ ಹಾಗೆ ಆ್ಯಪ್ ಆಗಬೇಕಿತ್ತು. ಆ್ಯಪ್‌ನಲ್ಲಿ ಏನೇನಿರಬೇಕು, ಯಾಕಿರಬೇಕು ಅಂತ ತೀರ್ಮಾನಿಸಲು ಸಾಲ ಮತ್ತು ಠೇವಣಿ ವಿಭಾಗದವರ ಒಂದು ತಂಡ. ಅದನ್ನು ಕಟ್ಟಲು ಸಂಘದ ಕಂಪ್ಯೂಟರ್ ವಿಭಾಗ ಮತ್ತು ಹೊರಗಿನ ಸಾಫ್ಟ್‌ವೇರ್‌ನವರು ಸೇರಿದ ಇನ್ನೊಂದು ತಂಡ. ಆಡಳಿತ ಮಂಡಳಿಯ ನಿರ್ದೇಶಕರು ಓದುವುದು ಕನ್ನಡದಲ್ಲಿ, ಹಾಗಾಗಿ ವರದಿ ಕನ್ನಡದಲ್ಲೇ ಆಗಬೇಕು. ಕರಡಿನಲ್ಲಿ ಒಂದು ತಲೆಬರಹ ಹೀಗಿತ್ತು: 'ಉತ್ಪನ್ನ ತಂಡ ಮತ್ತು ತಂತ್ರಜ್ಞಾನ ತಂಡಗಳ ನಡುವೆ ಹೊಂದಾಣಿಕೆ ತರುವುದು'. ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಅದನ್ನು ಓದಿ, 'ಸರ್, ಹೊಂದಾಣಿಕೆ ಅಂದ್ರೆ ನಾವೇ ಬಿಟ್ಕೊಡ್ಬೇಕು ಅಂತಾನಾ?' ಅಂತ ಕೇಳಿದರು. ಪಕ್ಕದಲ್ಲಿದ್ದ ನಿರ್ದೇಶಕರೊಬ್ಬರು, 'ಆ ಪದ ಹಾಕ್ಬೇಡಿ, ಹೊರಗೆ ಬೇರೆ ಅರ್ಥ ಆಗುತ್ತೆ' ಅಂದರು.

ಇಬ್ಬರೂ ಸರಿಯಾಗೇ ಓದಿದ್ದರು. ಹೊಂದಾಣಿಕೆ ಅಂದರೆ ಇವತ್ತಿನ ಕನ್ನಡದಲ್ಲಿ ಅಡ್ಜಸ್ಟ್ ಮಾಡಿಕೊಳ್ಳುವುದು. 'ಸ್ವಲ್ಪ ಹೊಂದ್ಕೊಂಡು ಹೋಗಮ್ಮ' ಅಂತ ಹೇಳುವುದು ಯಾರಿಗೆ ಅಂತ ಎಲ್ಲರಿಗೂ ಗೊತ್ತು, ಮನೆಯಲ್ಲಿ ಜೋರು ಇಲ್ಲದವರಿಗೆ. ಪತ್ರಿಕೆಗಳಲ್ಲಿ ಸೀಟು ಹೊಂದಾಣಿಕೆ, ಒಳ ಹೊಂದಾಣಿಕೆ, ಹೊಂದಾಣಿಕೆ ರಾಜಕಾರಣ. ಕೊನೆಯ ಎರಡರಲ್ಲಂತೂ ಮುಚ್ಚಿದ ಬಾಗಿಲ ಹಿಂದೆ ಏನೋ ನಡೆದಿದೆ ಅನ್ನುವ ಅನುಮಾನ ಪದದ ಜೊತೆಗೇ ಬರುತ್ತೆ. ಎರಡು ತಂಡ ಒಂದೇ ಫಲಕ್ಕಾಗಿ ಕೆಲಸ ಮಾಡಬೇಕು ಅನ್ನುವುದನ್ನು ಈ ಪದಕ್ಕೆ ಹೊರಿಸಿದರೆ ಓದುವವರು ಮೊದಲು ಕೇಳುವುದೇ ಯಾರು ಸೋತರು ಅಂತ.

ನಿಘಂಟು ತೆಗೆದರೆ ಬೇರೆ ಪದಗಳಿಗೆ ಬರವಿಲ್ಲ. ಸಮನ್ವಯ ಇದೆ. ಆದರೆ ಅದು ಸರ್ಕಾರದ ಪದವಾಗಿಬಿಟ್ಟಿದೆ. ಶಿಕ್ಷಣ ಇಲಾಖೆಯಲ್ಲಿ ಕ್ಷೇತ್ರ ಸಮನ್ವಯಾಧಿಕಾರಿ ಇದ್ದಾರೆ, 2018ರ ಮೈತ್ರಿ ಸರ್ಕಾರಕ್ಕೆ ಸಮನ್ವಯ ಸಮಿತಿ ಇತ್ತು. ಸಮನ್ವಯ ಅಂದ ಕೂಡಲೇ ನಡುವೆ ನಿಂತು ಸಮಾಧಾನ ಮಾಡುವ ಮೂರನೆಯವರು ಬೇಕು ಅನಿಸುತ್ತೆ. ಅದು ಕೋಆರ್ಡಿನೇಶನ್‌ಗೆ ಸರಿ. ಒಮ್ಮತ ಅಂದರೆ ಎಲ್ಲರ ಅಭಿಪ್ರಾಯ ಒಂದಾಗುವುದು. ಅಭಿಪ್ರಾಯ ಒಂದಾಗದೆಯೂ ಕೆಲಸ ಒಂದೇ ದಿಕ್ಕಿಗೆ ಸಾಗಬಹುದು ತಾನೆ? ಒಗ್ಗಟ್ಟು ಮನಸ್ಸಿಗೆ ಸಂಬಂಧಪಟ್ಟದ್ದು. ನಾನು ನೋಡಿದ ಎಷ್ಟೋ ತಂಡಗಳಲ್ಲಿ ಒಗ್ಗಟ್ಟಿಗೆ ಏನೂ ಕೊರತೆ ಇರಲಿಲ್ಲ, ಒಟ್ಟಿಗೇ ಊಟಕ್ಕೆ ಹೋಗೋರು, ಒಬ್ಬರ ಮನೆ ಗೃಹಪ್ರವೇಶಕ್ಕೆ ಇನ್ನೊಬ್ಬರು ಬರೋರು, ಆದರೂ ಇವರು ಕಟ್ಟಿದ್ದಕ್ಕೂ ಅವರು ಕೇಳಿದ್ದಕ್ಕೂ ಸಂಬಂಧವೇ ಇರುತ್ತಿರಲಿಲ್ಲ.

ಇನ್ನೊಂದು ಕುತೂಹಲದ ವಿಷಯ. ನಾನ್‌ಅಲೈನ್‌ಮೆಂಟ್‌ಗೆ ಕನ್ನಡದಲ್ಲಿ ಗಟ್ಟಿಯಾದ ಪದ ಇದೆ, ಅಲಿಪ್ತ ನೀತಿ. 1961ರ ಬೆಲ್‌ಗ್ರೇಡ್ ಸಮ್ಮೇಳನದ ಪಾಠ ಓದಿದವರಿಗೆಲ್ಲ ಅದು ಗೊತ್ತು. ಆದರೆ ಅದರಿಂದ 'ಅ' ತೆಗೆದರೆ ಉಳಿಯುವುದು ಲಿಪ್ತ, ಅಂಟಿಕೊಂಡದ್ದು ಅಂತ. ತಂಡಗಳು ಲಿಪ್ತವಾಗಿರಲಿ ಅಂತ ಯಾರೂ ಬರೆಯಲಾರರು.

ಕನ್ನಡದಲ್ಲಿ ಇದರ ಕೊರತೆಗೆ, ಅಂದರೆ ಅಲೈನ್ ಆಗದೇ ಇರುವುದಕ್ಕೆ, ಎಷ್ಟು ಚೆಂದದ ಮಾತುಗಳಿವೆ ನೋಡಿ. 'ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.' ಇದಕ್ಕಿಂತ ಸರಿಯಾಗಿ ಹೇಳೋಕೆ ಆಗಲ್ಲ. ಎರಡೂ ದುಡಿಯುತ್ತಿವೆ, ಯಾವುದೂ ಸೋಮಾರಿಯಲ್ಲ, ಎರಡಕ್ಕೂ ತಮ್ಮದೇ ಕಾರಣ ಇದೆ, ಗಾಡಿ ಮಾತ್ರ ನಿಂತಲ್ಲೇ ಇದೆ. ಪ್ರಾಡಕ್ಟ್‌ನವರಿಗೆ ಸದಸ್ಯರು ಕೇಳಿದ್ದು ಬೇಗ ಕೊಡಬೇಕು, ಟೆಕ್‌ನವರಿಗೆ ಹಳೇ ವ್ಯವಸ್ಥೆ ಕುಸಿಯದ ಹಾಗೆ ನೋಡಿಕೊಳ್ಳಬೇಕು. ಆಡಳಿತ ಮಂಡಳಿಯ ಮುಂದೆ ಈ ಗಾದೆ ಹೇಳಿದಾಗ ಬೇರೆ ವಿವರಣೆಯೇ ಬೇಕಾಗಲಿಲ್ಲ. ಆದರೆ ಅದು ರೋಗದ ಹೆಸರಾಯಿತು. ಗುಣವಾದ ಸ್ಥಿತಿಗೆ ಹೆಸರೇನು?

ನನಗೆ ಒಂದು ಪದ ಸಿಕ್ಕಿದ್ದು ಆ ಸಂಘದ ಕೌಂಟರಿನಲ್ಲೇ. ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಪದ ಯಾಕೆ ಒಪ್ಪುತ್ತೆ ಅನ್ನುವುದು ಅದರಲ್ಲೇ ಇದೆ.

'ಸದಸ್ಯರು ಆ್ಯಪ್ ತೆರೆದ ಕೂಡಲೇ ಸಾಲದ ಬಾಕಿ ಕಾಣಬೇಕು' ಅಂತ ಎರಡೂ ತಂಡ ಸೇರಿದ ಸಭೆಯಲ್ಲಿ ತೀರ್ಮಾನವಾಗಿತ್ತು. ನಡಾವಳಿಯಲ್ಲೂ ಬರೆದಿದ್ದರು. ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ನಮ್ಮ ಭಾಷೆಯಲ್ಲಿ ಪೂರ್ತಿ ಅಲೈನ್ಡ್. ಆಮೇಲೆ ಪ್ರಯೋಗಕ್ಕೆ ಅಂತ ಆ್ಯಪ್ ಕೊಟ್ಟಿದ್ದ ಸದಸ್ಯರಲ್ಲಿ ಒಬ್ಬರು ಫೋನ್ ಹಿಡಿದು ಕೌಂಟರಿಗೆ ಬಂದರು. ಇಷ್ಟು ತೋರಿಸ್ತಿದೆ, ತಗೊಳ್ಳಿ, ಸಾಲ ತೀರಿಸಿಬಿಡ್ತೀನಿ ಅಂದರು. ಗುಮಾಸ್ತರು ಕಂಪ್ಯೂಟರ್ ನೋಡಿ ಅದಕ್ಕಿಂತ ಜಾಸ್ತಿ ಮೊತ್ತ ಹೇಳಿದರು. ಸದಸ್ಯರಿಗೆ ಸಿಟ್ಟು, ಗುಮಾಸ್ತರಿಗೆ ಮುಜುಗರ. ಆಗಿದ್ದೇನು ಅಂದರೆ, ಸಾಲ ವಿಭಾಗದವರಿಗೆ ಬಾಕಿ ಅಂದರೆ ಇವತ್ತು ಬಂದು ತೀರಿಸಿದರೆ ಎಷ್ಟು ಕಟ್ಟಬೇಕೋ ಅಷ್ಟು: ಅಸಲು, ಇವತ್ತಿನವರೆಗಿನ ಬಡ್ಡಿ, ಸುಸ್ತಿ ಇದ್ದರೆ ಸುಸ್ತಿ ಬಡ್ಡಿ. ಕಂಪ್ಯೂಟರ್ ವಿಭಾಗದವರಿಗೆ ಬಾಕಿ ಅಂದರೆ ಹಿಂದಿನ ರಾತ್ರಿ ಡೇ ಎಂಡ್ (ಆ ದಿನದ ಲೆಕ್ಕ ಮುಗಿಸುವುದು) ಆದಮೇಲೆ ಸಾಲದ ಖಾತೆಯಲ್ಲಿ ಉಳಿದಿರುವ ಅಸಲು. ಇಬ್ಬರ ಪದವೂ ಸರಿ, ಇಬ್ಬರ ಕೆಲಸವೂ ಸರಿ. ಅದನ್ನು ನೋಡುತ್ತಾ ನಿಂತಿದ್ದ ಗುಮಾಸ್ತರು ಅಂದದ್ದು ಒಂದೇ ಮಾತು: 'ಇವೆರಡು ತಾಳೆ ಆಗ್ತಾ ಇಲ್ಲ.'

ತಾಳೆ! ಲೆಕ್ಕ ತಾಳೆ ಆಗ್ತಿಲ್ಲ, ಅವನು ಹೇಳಿದ್ದಕ್ಕೂ ಇವನು ಹೇಳಿದ್ದಕ್ಕೂ ತಾಳೆ ಇಲ್ಲ, ರಸೀದಿ ತಾಳೆ ನೋಡು. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಮನೆಯಲ್ಲಿ, ಎಲ್ಲ ಕಡೆ ಇರುವ ಪದ. ಟ್ಯಾಲಿ ಅಂತಲೂ ಅಂತಾರೆ, ಸರಿ. ಆದರೆ ತಾಳೆ ಅನ್ನುವುದರಲ್ಲಿ ನನಗೆ ಬಹಳ ಹಿಡಿಸಿದ್ದು ಇದು: ತಾಳೆ ನೋಡಬೇಕಾದರೆ ಪಕ್ಕಪಕ್ಕದಲ್ಲಿ ಎರಡು ವಸ್ತು ಇರಲೇಬೇಕು. ತಾಳೆ ಆಗಿದೆಯೋ ಇಲ್ಲವೋ ಅಂತ ಯಾರು ಬೇಕಾದರೂ ನೋಡಿ ಹೇಳಬಹುದು. ಅದರಲ್ಲಿ ದೊಡ್ಡವರು ಚಿಕ್ಕವರು ಇಲ್ಲ, ಯಾರೂ ಬಿಟ್ಟುಕೊಡಬೇಕಾಗಿಲ್ಲ. ಅಲೈನ್ ಆಗಿದ್ದೀವಿ ಅನ್ನುವ ಮಾತಿಗೆ ಈ ಯಾವ ಗುಣವೂ ಇಲ್ಲ. ಒಬ್ಬರು ಹಾಗೆ ಅಂದರೆ, ವಿಷಯ ನನ್ನ ಕಿವಿಗೆ ಬಿದ್ದಿದೆ ಅಂತಲೂ ಇರಬಹುದು, ನಾನು ಒಪ್ಪಿದ್ದೇನೆ ಅಂತಲೂ ಇರಬಹುದು, ಅಥವಾ ನನ್ನ ಈ ವಾರದ ಕೆಲಸವನ್ನು ಅದಕ್ಕೆ ತಕ್ಕಂತೆ ಬದಲಾಯಿಸಿಕೊಂಡಿದ್ದೇನೆ ಅಂತಲೂ ಇರಬಹುದು. ಬೆಲೆ ಇರುವುದು ಕೊನೆಯದಕ್ಕೆ. ಸಭೆಗಳಲ್ಲಿ ಸಿಗುವುದು ಹೆಚ್ಚಾಗಿ ಮೊದಲನೆಯದು.

ಹಾಗಾಗಿ ತಲೆಬರಹ ಬದಲಾಯಿತು: 'ಕೇಳಿದ್ದಕ್ಕೂ ಕಟ್ಟಿದ್ದಕ್ಕೂ ತಾಳೆ ನೋಡುವ ಬಗೆ'. ಅದರ ಕೆಳಗೆ ಮೊದಲ ಕೆಲಸವಾಗಿ ಬಂದದ್ದು ಎರಡೂ ತಂಡ ಬಳಸುವ ಪದಗಳ ಪಟ್ಟಿ. ಬಾಕಿ, ಕಂತು, ಸುಸ್ತಿ, ಸದಸ್ಯರು (ನಾಮಮಾತ್ರ ಸದಸ್ಯರು ಸೇರಿಯೋ ಬಿಟ್ಟೋ?), ಇವತ್ತು ಅಂದರೆ ಯಾವ ಹೊತ್ತಿನವರೆಗೆ. ಆ್ಯಪ್‌ನಲ್ಲಿ ಈಗ ಅಸಲು ಬೇರೆ, ಬಡ್ಡಿ ಬೇರೆ, ಒಟ್ಟು ಕಟ್ಟಬೇಕಾದ್ದು ಬೇರೆ ಸಾಲಿನಲ್ಲಿ ಬರುತ್ತೆ. ಕೆಳಗೆ 'ನಿನ್ನೆ ರಾತ್ರಿಯವರೆಗಿನ ಲೆಕ್ಕ' ಅಂತ ಒಂದು ಸಾಲು ಇದೆ.

ಇದು ಬರೀ ಪದದ ವಿಷಯ ಅಲ್ಲ ಅಂತ ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಮೆಲ್ವಿನ್ ಕಾನ್ವೇ ಅನ್ನುವ ಕಂಪ್ಯೂಟರ್ ವಿಜ್ಞಾನಿ 1968ರಲ್ಲೇ ಬರೆದಿದ್ದರು: ಒಂದು ಸಂಸ್ಥೆ ಕಟ್ಟುವ ವ್ಯವಸ್ಥೆ ಆ ಸಂಸ್ಥೆಯೊಳಗೆ ಯಾರು ಯಾರ ಹತ್ತಿರ ಮಾತಾಡುತ್ತಾರೋ ಅದರ ಪಡಿಯಚ್ಚೇ ಆಗಿರುತ್ತೆ ಅಂತ. ಕಣ್ಣಾರೆ ನೋಡಿದ್ದೇವೆ. ಸಂಘದಲ್ಲಿ ಸಾಲದ್ದು ಒಂದು ಮಹಡಿ, ಠೇವಣಿಯದ್ದು ಇನ್ನೊಂದು ಮಹಡಿ, ಎರಡು ಕಡೆ ಬೇರೆ ಬೇರೆ ಖಾತೆ ಪುಸ್ತಕ. ಆ್ಯಪ್‌ನ ಮೊದಲ ರೂಪದಲ್ಲಿ ಠೇವಣಿಯ ಪುಟದಿಂದ ಸಾಲದ ಪುಟಕ್ಕೆ ಹೋದರೆ ಸದಸ್ಯತ್ವದ ಸಂಖ್ಯೆಯನ್ನು ಮತ್ತೆ ಕೇಳುತ್ತಿತ್ತು! ಹಾಗೆ ಮಾಡಿ ಅಂತ ಯಾರೂ ಹೇಳಿರಲಿಲ್ಲ. ಮಹಡಿ ಮೆಟ್ಟಿಲು ಆ್ಯಪ್ ಒಳಗೂ ಬಂದುಬಿಟ್ಟಿತ್ತು. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ ಬರೆದ ಅಜೈಲ್ ಪ್ರಣಾಳಿಕೆ, ಅಂದರೆ ಸಾಫ್ಟ್‌ವೇರ್ ಹೇಗೆ ಕಟ್ಟಬೇಕು ಅನ್ನುವ ಘೋಷಣೆ, ಅದರ 12 ತತ್ವಗಳಲ್ಲೂ ಅಲೈನ್ ಅನ್ನುವ ಪದ ಇಲ್ಲ. ವ್ಯವಹಾರದವರೂ ಸಾಫ್ಟ್‌ವೇರ್ ಕಟ್ಟುವವರೂ ಕೆಲಸ ಮುಗಿಯುವವರೆಗೆ ದಿನವೂ ಜೊತೆಗೆ ಕೆಲಸ ಮಾಡಬೇಕು ಅಂತಿದೆ. ಎಷ್ಟು ನೇರವಾದ ಮಾತು! ಅದನ್ನು ಕನ್ನಡಕ್ಕೆ ತರಲು ಯಾರೂ ತಿಣುಕಬೇಕಾಗಿಲ್ಲ.

ಜೊತೆಯ ಪದಗಳ ಬಗ್ಗೆಯೂ ಎರಡು ಮಾತು. ಪ್ರಾಡಕ್ಟ್‌ಗೆ ಉತ್ಪನ್ನ ಅಂದರೆ ನಮ್ಮ ಜನಕ್ಕೆ ಹಾಲಿನ ಉತ್ಪನ್ನ, ಕೃಷಿ ಉತ್ಪನ್ನ ಮಾರುಕಟ್ಟೆ ನೆನಪಾಗುತ್ತೆ. ಸಹಕಾರ ಸಂಘದಲ್ಲಂತೂ ಹೇಳೋದೇ ಬೇಡ. ನಾವು ಪ್ರಾಡಕ್ಟ್ ಅಂತಲೇ ಉಳಿಸಿಕೊಂಡೆವು. ಪ್ರಾಡಕ್ಟ್ ಓನರ್‌ಗೆ (ಆ್ಯಪ್‌ನಲ್ಲಿ ಏನು ಮೊದಲು ಆಗಬೇಕು ಅಂತ ತೀರ್ಮಾನಿಸುವವರಿಗೆ) ಮಾಲೀಕ ಅನ್ನುವುದು ಪೂರಾ ತಪ್ಪು ದಾರಿ, ಆ್ಯಪ್ ಯಾರ ಸ್ವತ್ತೂ ಅಲ್ಲ. ಹೊಣೆಗಾರ ಚೆನ್ನಾಗಿ ಕೂರುತ್ತೆ. ಇನ್ನೂ ಆಗಬೇಕಾದ ಕೆಲಸಗಳ ಪಟ್ಟಿಗೆ ಬ್ಯಾಕ್‌ಲಾಗ್ ಅಂತಲೇ ಇಟ್ಟರೆ ನಮ್ಮಲ್ಲಿ ಒಬ್ಬರಿಗೆ ಬ್ಯಾಕ್‌ಲಾಗ್ ಹುದ್ದೆ, ಇನ್ನೊಬ್ಬರಿಗೆ ಕಾಲೇಜಿನಲ್ಲಿ ಫೇಲಾದ ವಿಷಯ. 'ಮಾಡಬೇಕಾದ ಕೆಲಸಗಳು' ಸಾಕು. ಕನ್ಸಲ್ಟಿಂಗ್‌ಗೆ ಸಮಾಲೋಚನೆ ಅಂತ ಬರೆದರೆ ಆಪ್ತ ಸಮಾಲೋಚನೆಯ ಕಡೆಗೆ ಹೋಗುತ್ತೆ, ಸಲಹೆ ಅನ್ನುವುದೇ ವಾಸಿ. ಆದರೆ 1992ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ಅನ್ನುವ ಪ್ರೋಗ್ರಾಮರ್ ಸಾಲಕ್ಕೆ ಹೋಲಿಸಿ ಹೇಳಿದ ಟೆಕ್ನಿಕಲ್ ಡೆಟ್ ಇದೆಯಲ್ಲ, ಅದು ಕನ್ನಡದಲ್ಲಿ ಇನ್ನೂ ಚೆನ್ನಾಗಿ ತಿಳಿಯುತ್ತೆ. ಆತುರಕ್ಕೆ ಬರೆದ ಕೋಡನ್ನು ಸರಿಮಾಡದೇ ಬಿಟ್ಟಿದ್ದಕ್ಕೆ 'ಸುಸ್ತಿ' ಅಂದಾಗ ನಿರ್ದೇಶಕರೆಲ್ಲ ತಲೆಯಾಡಿಸಿದರು. ಬಡ್ಡಿ ಹೇಗೆ ಬೆಳೆಯುತ್ತೆ ಅಂತ ಅವರಿಗೆ ನಾವು ಹೇಳಿಕೊಡಬೇಕಾ?

ಈ ಪದಗಳೆಲ್ಲ ಹೊಸದಾಗಿ ಹುಟ್ಟಿಸಿದ್ದಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಶುರುವಾದಾಗಿನಿಂದ ನಮ್ಮ ಸಂಘಗಳ ಲೆಕ್ಕ, ಸಭೆ, ಜಗಳ, ತೀರ್ಮಾನ ಎಲ್ಲ ಕನ್ನಡದಲ್ಲೇ ನಡೆದಿವೆ. ಖಾತೆ, ಜಮಾ, ಕಿರ್ದಿ, ಠರಾವು, ನಡಾವಳಿ, ಸುಸ್ತಿ. ಕೆಲವು ಫಾರ್ಸಿ ಅರಬ್ಬಿಯಿಂದ ಬಂದವು, ಇರಲಿ, ಈಗ ನಮ್ಮವೇ. ಡಿಜಿಟಲ್ ಕೆಲಸಕ್ಕೆ ಕನ್ನಡ ಪದ ಬೇಕು ಅಂದಾಗ ನಾವು ನೇರ ಸಂಸ್ಕೃತದ ಕಡೆ ಓಡುತ್ತೇವೆ. ಈ ಕಪಾಟಿನ ಕಡೆ ತಿರುಗಿಯೂ ನೋಡುವುದಿಲ್ಲ ಅನ್ನುವುದು ನನಗೆ ಬೇಸರದ ಸಂಗತಿ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ತಾಳೆ ಅನ್ನುವುದರಲ್ಲಿ ಒಂದು ಕೊರತೆ ಇದೆ. ಅದು ಆದಮೇಲೆ ನೋಡುವ ಕೆಲಸ. ಲೆಕ್ಕ ಬರೆದ ಮೇಲೆ ತಾಳೆ ನೋಡುತ್ತೇವೆ, ಬರೆಯುವ ಮೊದಲು ಅಲ್ಲ. ಕೆಲಸಕ್ಕೆ ಕೈ ಹಾಕುವ ಮುಂಚೆ ಎರಡೂ ತಂಡ ಒಂದೇ ಗುರಿಗೆ ಮುಖ ಮಾಡಿ ನಿಲ್ಲುವುದಕ್ಕೆ ಏನನ್ನಬೇಕು? ಸದ್ಯಕ್ಕೆ 'ಒಂದೇ ಗುರಿಗೆ ತರುವುದು' ಅಂತ ಬರೆದಿದ್ದೇವೆ. ಅರ್ಥ ಬರುತ್ತೆ, ಆದರೆ 'ತರುವುದು' ಅಂದಾಗ ಯಾರೋ ಎಳೆದು ತಂದ ಹಾಗಿದೆ. ಹೊಂದು ಅನ್ನುವ ಮೂಲ ಪದದಿಂದಲೇ 'ಹೊಂದಿಕೆ' ಅಂತ ಮಾಡಿದರೆ ಹೊಂದಾಣಿಕೆಯ ಕಳಂಕ ತಪ್ಪುತ್ತಾ? ಬಟ್ಟೆಯ ಬಣ್ಣ ಹೊಂದುತ್ತೆ ಅನ್ನುವಾಗ ಯಾರೂ ಸೋತಿರುವುದಿಲ್ಲವಲ್ಲ. ತಾಳಮೇಳ ಅನ್ನುವುದನ್ನೂ ಯೋಚಿಸಿದೆವು. ಆದರೆ ಅದು ನನ್ನ ಕಿವಿಗೆ 'ತಾಳಮೇಳ ಇಲ್ಲ' ಅಂತ ಇಲ್ಲ ಅನ್ನುವುದರ ಜೊತೆಗೇ ಬೀಳುವುದು ಜಾಸ್ತಿ. ಧಾರವಾಡ, ಬೆಳಗಾವಿ ಕಡೆಯವರು ಇದನ್ನು ಒಳ್ಳೆ ಅರ್ಥದಲ್ಲಿ ಆಡುಮಾತಿನಲ್ಲಿ ಬಳಸುತ್ತೀರಾ?

ಹಾಗೇ ಉಡುಪಿ, ಮಂಗಳೂರು ಕಡೆ ಬ್ಯಾಂಕುಗಳಲ್ಲಿ ದುಡಿದು ನಿವೃತ್ತರಾದವರು ನಮ್ಮಲ್ಲಿ ಇದ್ದರೆ ದಯವಿಟ್ಟು ಬರೆಯಿರಿ. ಎರಡು ಶಾಖೆಗಳು ವರ್ಷದ ಕೊನೆಯಲ್ಲಿ ಅಲ್ಲ, ಕೆಲಸ ಶುರುವಾಗುವ ಮೊದಲೇ ಕೂತು ಲೆಕ್ಕದ ಕ್ರಮ ಒಂದು ಮಾಡಿಕೊಳ್ಳುವುದಕ್ಕೆ ನೀವು ಆಗ ಏನು ಅಂತಿದ್ದಿರಿ? ಒಂದು ವಾಕ್ಯದಲ್ಲಿ ಬಳಸಿ ತೋರಿಸಿದರೆ ಇನ್ನೂ ಒಳ್ಳೆಯದು.