ಅಪ್‌ಡೇಟ್: ಯೆಜ್ಡಿ ನಿಲ್ಲುತ್ತಿದ್ದದ್ದು ಕಾಯಿಲ್‌ನಿಂದ ಅಲ್ಲ

ಹೋದ ತಿಂಗಳು ಕೇಳಿದ್ದೆನಲ್ಲ, ಅಪ್ಪನ ಹಳೇ ಯೆಜ್ಡಿ 250 ಬೈಕ್ ಬಳ್ಳಾರಿ ಬಿಸಿಲಲ್ಲಿ ಸ್ವಲ್ಪ ದೂರ ಓಡಿದ ಮೇಲೆ ಸುಮ್ನೆ ನಿಂತುಬಿಡುತ್ತೆ, ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಅಂತೂ ಗ್ಯಾರಂಟಿ ಅಂತ. ಸರಿ ಹೋಯಿತು. ಮೆಕ್ಯಾನಿಕ್ ಒಬ್ಬರ ಮಾತು ಕೇಳಿ ಕಾಯಿಲ್ (ಪ್ಲಗ್‌ನಲ್ಲಿ ಕಿಡಿ ಹಾರಿಸಲು ವೋಲ್ಟೇಜ್ ಏರಿಸುವ ಸುರುಳಿ) ಬದಲಿಸಿದ್ದೆ. ದುಡ್ಡು ದಂಡ.

ನೀವು ಹೇಳಿದ ಹಾಗೆ ಮಲ್ಟಿಮೀಟರ್ ಹಿಡಿದೆ. ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಬಿಟ್ಟು ಕಡಿಯುವ ಪುಟ್ಟ ಸ್ವಿಚ್) ಮುಚ್ಚಿರುವಾಗ ಕೀ ಆನ್ ಮಾಡಿ ನೋಡಿದರೆ ಬ್ಯಾಟರಿಯಲ್ಲಿ 6.2 ವೋಲ್ಟ್, ಕಾಯಿಲ್ ಹತ್ತಿರ ಬರೀ 4.3. ಆರು ವೋಲ್ಟಿನ ಗಾಡಿಯಲ್ಲಿ ಹತ್ತಿರ ಹತ್ತಿರ ಎರಡು ವೋಲ್ಟ್ ದಾರಿಯಲ್ಲೇ ಮಾಯವಾದರೆ ಕಿಡಿ ಎಲ್ಲಿಂದ ಬರಬೇಕು, ಅಲ್ವಾ? ಹೆಡ್‌ಲೈಟ್ ಬಿಚ್ಚಿ ವೈರ್ ಎಳೆದೆ. ಹ್ಯಾಂಡಲ್ ಬುಡದಲ್ಲಿ ಬಾಗುವ ಕಡೆ ಇನ್ಸುಲೇಶನ್ ಒಣಮೆಣಸಿನಕಾಯಿ ಸಿಪ್ಪೆ ಥರ ಬೆರಳಲ್ಲೇ ಪುಡಿಯಾಯಿತು. ಒಳಗೆ ತಾಮ್ರ ಹಸಿರುಗಟ್ಟಿ ನಾಲ್ಕೇ ಎಳೆ ಉಳಿದಿದ್ದವು, ತಿರುಗಿಸಿದಾಗ ಅವೂ ಬಿಟ್ಟುಕೊಳ್ಳುತ್ತಿದ್ದವು. ಫ್ಯೂಸ್ ಜಾಗದಲ್ಲಿ ಯಾರೋ ಪುಣ್ಯಾತ್ಮರು ತಂತಿ ಸುತ್ತಿದ್ದರು!

ಟೇಪ್ ಸುತ್ತುವ ಗೋಜಿಗೆ ಹೋಗಲಿಲ್ಲ. ಬ್ಯಾಟರಿಯಿಂದ ಸ್ವಿಚ್, ಸ್ವಿಚ್‌ನಿಂದ ಕಾಯಿಲ್ ತನಕ ದಪ್ಪನೆಯ, ಜಾಸ್ತಿ ಎಳೆಯ ಹೊಸ ವೈರ್ ಹಾಕಿ, ಹ್ಯಾಂಡಲ್ ಬುಡದಲ್ಲಿ ಸ್ವಲ್ಪ ಸಡಿಲ ಬಿಟ್ಟು, ಅರ್ಥ್ ವೈರ್ ಬಾಡಿಗೆ ಕೂರುವ ಕಡೆ ಪೇಂಟ್ ಕೆರೆದು, ಸ್ವಿಚ್ ಒಳಗಿನ ಕಿಲುಬು ಉಜ್ಜಿ, ನಿಜವಾದ ಫ್ಯೂಸ್ ಕೂರಿಸಿದೆ. ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್. ಈಗ ಕಾಯಿಲ್ ಹತ್ತಿರ 5.9 ಬರುತ್ತಿದೆ.

ಭಾನುವಾರ ಮಧ್ಯಾಹ್ನ ಬೇಕಂತಲೇ ಬಿಸಿಲಲ್ಲಿ ಸಂಡೂರಿಗೆ ಹೋಗಿ ಬಂದೆ, ಒಮ್ಮೆಯೂ ಕೆಮ್ಮಲಿಲ್ಲ. ಹಾರ್ನ್ ಮಾತ್ರ ಇನ್ನೂ ಕಪ್ಪೆ ಥರ ವಟಗುಟ್ಟುತ್ತಿದೆ, ಅದರ ವೈರ್ ಮುಂದಿನ ವಾರ.