ಬಿಪಿಟಿ (ಫಿಸಿಯೋಥೆರಪಿ ಪದವಿ) ಓದದವರು ಬ್ರಿಟನ್ನಿನಲ್ಲಿ ಎಂಎಸ್ಸಿ ಮಾಡಿ ಫಿಸಿಯೋಥೆರಪಿಸ್ಟ್ ಆಗಬಹುದೇ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ಕುವೆಂಪು ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳಲ್ಲಿ ಬಿಎಸ್ಸಿ ಮುಗಿಸಿ, ಮದುವೆಯ ನಂತರ ಪತಿಯ ಉದ್ಯೋಗ ವೀಸಾದ ಅವಲಂಬಿತಳಾಗಿ ಇಂಗ್ಲೆಂಡಿನ ಕೊವೆಂಟ್ರಿಗೆ ಬಂದಿದ್ದೇನೆ. ಸದ್ಯ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿ ಬಂದ ಹಿರಿಯರನ್ನು ಮತ್ತೆ ನಡೆಯುವಂತೆ ಮಾಡುವ ಫಿಸಿಯೋಥೆರಪಿಸ್ಟರ ಕೆಲಸವನ್ನು ಇಲ್ಲಿ ಹತ್ತಿರದಿಂದ ನೋಡಿದ ಮೇಲೆ, ನಾನೂ ಅದೇ ವೃತ್ತಿಗೆ ಹೋಗಬೇಕೆಂದು ನಿರ್ಧರಿಸಿದ್ದೇನೆ.

ನಮ್ಮೂರಿನಲ್ಲಿ ವಿಚಾರಿಸಿದರೆ ಪಿಯುಸಿ ಮುಗಿಸಿದವರಂತೆ ಮೊದಲಿನಿಂದ ಬಿಪಿಟಿಗೆ ಸೇರಬೇಕು ಎನ್ನುತ್ತಾರೆ. ಇಲ್ಲಿನ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಮಾತ್ರ ಫಿಸಿಯೋಥೆರಪಿ ಎಂಎಸ್ಸಿಗಳು ಹಲವಾರು ಇವೆ. ಒಂದು ಕಡೆ ಯಾವುದೇ ಜೀವವಿಜ್ಞಾನದ ಪದವಿ ಸಾಕು ಎಂದಿದ್ದರೆ, ಇನ್ನೊಂದು ಕಡೆ ಫಿಸಿಯೋಥೆರಪಿ ಪದವಿಯೇ ಕಡ್ಡಾಯ ಎಂದಿದೆ. ಒಂದಕ್ಕೆ ಒಂದು ವರ್ಷ, ಮತ್ತೊಂದಕ್ಕೆ ಎರಡು ವರ್ಷ. ಇವುಗಳಲ್ಲಿ ನನ್ನಂಥವರಿಗೆ ಹೊಂದುವುದು ಯಾವುದು, ನನ್ನ ಬಿಎಸ್ಸಿಗೆ ಇಲ್ಲಿ ಬೆಲೆ ಇದೆಯೇ, ಓದು ಎಷ್ಟು ಕಠಿಣವಾಗಿರುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಮಿಡ್‌ಲ್ಯಾಂಡ್ಸ್ ಫಿಸಿಯೋ:

ತುಂಗಾತೀರ ಅವರೇ, ನಾನು ಮೈಸೂರಿನಲ್ಲಿ ಜೀವರಸಾಯನಶಾಸ್ತ್ರ ಓದಿ, ನೀವು ಕೇಳುತ್ತಿರುವ ದಾರಿಯಲ್ಲೇ ಬಂದು ಈಗ ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೇನೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಿಮಗೆ ಬೇಕಾದದ್ದು ಪ್ರೀ-ರಿಜಿಸ್ಟ್ರೇಷನ್ ಎಂಎಸ್ಸಿ. ಬೇರೆ ವಿಷಯದಲ್ಲಿ ಪದವಿ ಪಡೆದವರನ್ನು ಎರಡು ವರ್ಷಗಳಲ್ಲಿ ಫಿಸಿಯೋಥೆರಪಿಸ್ಟರನ್ನಾಗಿ ತಯಾರು ಮಾಡುವ ಕೋರ್ಸ್ ಇದು. ಮುಗಿಸಿದವರು ಎಚ್‌ಸಿಪಿಸಿ, ಅಂದರೆ ಹೆಲ್ತ್ ಆ್ಯಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್‌ನಲ್ಲಿ ನೋಂದಣಿಗೆ ಅರ್ಜಿ ಹಾಕಬಹುದು. ಈ ದೇಶದಲ್ಲಿ ಫಿಸಿಯೋಥೆರಪಿಸ್ಟ್ ಎಂಬ ಹೆಸರಿಗೆ ಕಾನೂನಿನ ರಕ್ಷಣೆಯಿದೆ. ನೋಂದಣಿಯಿಲ್ಲದವರು ಹಾಗೆಂದು ಕರೆದುಕೊಳ್ಳುವುದು ಅಪರಾಧವಾಗುತ್ತದೆ. ಹೀಗಾಗಿ ಕೋರ್ಸಿನ ಜಾಹೀರಾತು ಎಷ್ಟೇ ಚೆನ್ನಾಗಿರಲಿ, ಎಚ್‌ಸಿಪಿಸಿಯ ಜಾಲತಾಣದಲ್ಲಿರುವ ಮಾನ್ಯತೆ ಪಡೆದ ಕೋರ್ಸುಗಳ ಪಟ್ಟಿಯಲ್ಲಿ ಅದರ ಹೆಸರನ್ನು ನೀವೇ ಕಣ್ಣಾರೆ ನೋಡುವವರೆಗೂ ಅರ್ಜಿ ಹಾಕಬೇಡಿ. ಒಂದು ವರ್ಷದ ಅಡ್ವಾನ್ಸ್ಡ್ ಫಿಸಿಯೋಥೆರಪಿ, ಸ್ಪೋರ್ಟ್ಸ್ ಫಿಸಿಯೋಥೆರಪಿ ಮುಂತಾದ ಎಂಎಸ್ಸಿಗಳು ಈಗಾಗಲೇ ಫಿಸಿಯೋಥೆರಪಿಸ್ಟ್ ಆಗಿರುವವರಿಗೆ. ಅವು ನಿಮ್ಮ ಕೆಲಸಕ್ಕೆ ಬಾರವು.

ನಿಮ್ಮ ಬಿಎಸ್ಸಿಗೆ ಬೆಲೆ ಇದೆ, ಆದರೆ ಪ್ರತಿಯೊಂದು ವಿಶ್ವವಿದ್ಯಾಲಯವೂ ತನ್ನದೇ ತಕ್ಕಡಿಯಲ್ಲಿ ತೂಗುತ್ತದೆ. ಸಾಮಾನ್ಯವಾಗಿ ಇಲ್ಲಿನ 2:1 ದರ್ಜೆಗೆ, ಅಂದರೆ ಪ್ರಥಮ ದರ್ಜೆಯ ನಂತರದ ದರ್ಜೆಗೆ, ಸಮನಾದ ಅಂಕ ಕೇಳುತ್ತಾರೆ. ಪದವಿಯಲ್ಲಿ ಮಾನವ ಶರೀರ ರಚನೆ ಮತ್ತು ಶರೀರಕ್ರಿಯೆಯನ್ನು ಎಷ್ಟು ಓದಿದ್ದೀರಿ, ಸಂಖ್ಯಾಶಾಸ್ತ್ರ ಅಥವಾ ಸಂಶೋಧನಾ ವಿಧಾನದ ಪಾಠವಿತ್ತೇ ಎಂದು ನೋಡುತ್ತಾರೆ. ಪ್ರಾಣಿಶಾಸ್ತ್ರದ ಶರೀರಕ್ರಿಯೆಯ ಪತ್ರಿಕೆಗಳು ಇಲ್ಲಿ ನಿಮ್ಮ ಕೈ ಹಿಡಿಯುತ್ತವೆ. ಸಸ್ಯಶಾಸ್ತ್ರದಲ್ಲಿ ನೂರಕ್ಕೆ ನೂರು ಬಂದಿದ್ದರೂ ಪಾಪ, ಯಾರೂ ಕೇಳುವುದಿಲ್ಲ. ಪದವಿ ಮುಗಿದು ಐದು ವರ್ಷಕ್ಕಿಂತ ಹೆಚ್ಚಾಗಿದ್ದರೆ ಈಚೆಗೆ ಏನಾದರೂ ಓದಿದ್ದಕ್ಕೆ ಪುರಾವೆ ಕೇಳುವ ವಿಶ್ವವಿದ್ಯಾಲಯಗಳೂ ಇವೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಹಲವು ಕಡೆ ಒಟ್ಟು 7 ಬೇಕು. ಇದರ ಮೇಲೆ ಸಂದರ್ಶನ, ಅಪರಾಧ ದಾಖಲೆಯ ತಪಾಸಣೆ, ಆರೋಗ್ಯ ತಪಾಸಣೆ, ಲಸಿಕೆಗಳ ದಾಖಲೆ ಇವೆಲ್ಲ ಇರುತ್ತವೆ. ಆರೈಕೆ ಕೇಂದ್ರದ ನಿಮ್ಮ ಅನುಭವವನ್ನು ಸಂದರ್ಶನದಲ್ಲಿ ಧೈರ್ಯವಾಗಿ ಹೇಳಿ. ಆದರೆ ಎಷ್ಟು ಜನರಿಗೆ ಸ್ನಾನ ಮಾಡಿಸಿದಿರಿ ಎಂಬುದಕ್ಕಿಂತ, ಫಿಸಿಯೋಥೆರಪಿಸ್ಟ್ ಬಂದು ಹೋದ ಮೇಲೆ ಆ ವ್ಯಕ್ತಿ ಕುರ್ಚಿಯಿಂದ ಏಳುವ ರೀತಿಯಲ್ಲಿ ಯಾವ ಬದಲಾವಣೆ ಕಂಡಿರಿ, ಅದು ಏಕೆ ಆಯಿತೆಂದು ನಿಮಗೆ ತೋರಿತು ಎಂಬುದನ್ನು ಕೇಳಲು ಅವರಿಗೆ ಆಸಕ್ತಿ.

ಇನ್ನು ಓದಿನ ಕಷ್ಟ. ಪದವಿ ಹಂತದವರು ಮೂರು ವರ್ಷ ಓದುವುದನ್ನು ಎರಡರಲ್ಲಿ ತುಂಬಿರುವುದರಿಂದ ಬೇಸಿಗೆ ರಜೆ ಎಂಬುದು ಹೆಸರಿಗೆ ಮಾತ್ರ. ಮೊದಲ ತಿಂಗಳುಗಳಲ್ಲಿ ಅಂಗರಚನಾಶಾಸ್ತ್ರವೇ ಉಸಿರು ಕಟ್ಟಿಸುತ್ತದೆ. ಸ್ನಾಯು ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ, ಯಾವ ನರ ಅದನ್ನು ಆಳುತ್ತದೆ ಎಂದು ಬಾಯಿಪಾಠ ಮಾಡಿದರೆ ಸಾಲದು. ಸಹಪಾಠಿಯ ಭುಜದ ಮೇಲೆ ಬೆರಳಿಟ್ಟು ಇಲ್ಲಿದೆ ಎಂದು ತೋರಿಸಬೇಕು. ಪ್ರಾಯೋಗಿಕ ತರಗತಿಗಳಲ್ಲಿ ಚಡ್ಡಿ, ತೋಳಿಲ್ಲದ ಅಂಗಿ ಹಾಕಿಕೊಂಡು ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡುವುದು ಇಲ್ಲಿನ ಕ್ರಮ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದು ಮೊದಮೊದಲು ಮುಜುಗರವೆನಿಸುತ್ತದೆ. ಮುಂಚೆಯೇ ಹೇಳಿದರೆ ಮಹಿಳೆಯರ ಜೊತೆಗೇ ಅಭ್ಯಾಸ ಮಾಡಲು ಬಹುತೇಕ ಅಧ್ಯಾಪಕರು ಅನುವು ಮಾಡಿಕೊಡುತ್ತಾರೆ.

ನಿಜವಾದ ಕಲಿಕೆ ನಡೆಯುವುದು ಪ್ಲೇಸ್‌ಮೆಂಟ್‌ಗಳಲ್ಲಿ, ಅಂದರೆ ಆಸ್ಪತ್ರೆ ಮುಂತಾದ ಕಡೆ ರೋಗಿಗಳ ಜೊತೆ ಕೆಲಸ ಮಾಡುತ್ತ ಪಡೆಯುವ ತರಬೇತಿಯಲ್ಲಿ. ಇಲ್ಲಿನ ಫಿಸಿಯೋಥೆರಪಿಸ್ಟರ ವೃತ್ತಿಸಂಘವಾದ ಚಾರ್ಟರ್ಡ್ ಸೊಸೈಟಿ ಆಫ್ ಫಿಸಿಯೋಥೆರಪಿಯ ನಿರೀಕ್ಷೆಯಂತೆ ವಿದ್ಯಾರ್ಥಿಯೊಬ್ಬರು ಸುಮಾರು 1,000 ಗಂಟೆಗಳ ಪ್ರಾಯೋಗಿಕ ತರಬೇತಿಯನ್ನು ಪಡೆಯಬೇಕು. ಎನ್‌ಎಚ್‌ಎಸ್‌ನ ವಾರ 37.5 ಗಂಟೆಯದು, ಹಾಗಾಗಿ ಇದು ಆರು ತಿಂಗಳಿಗೂ ಮಿಕ್ಕಿದ ಪೂರ್ಣಾವಧಿ ಕೆಲಸ, ಸಂಬಳವಿಲ್ಲದೆ. ಮೂಳೆ-ಕೀಲುಗಳ ಹೊರರೋಗಿ ವಿಭಾಗ, ಪಾರ್ಶ್ವವಾಯು ವಾರ್ಡ್, ಶ್ವಾಸಕೋಶದ ತೊಂದರೆಯವರಿರುವ ವಾರ್ಡ್, ಮನೆಮನೆಗೆ ಹೋಗುವ ಸಮುದಾಯ ತಂಡ, ಹೀಗೆ ಒಂದೊಂದು ಕಡೆ ಕೆಲವು ವಾರ ಇರಬೇಕಾಗುತ್ತದೆ. ಜೊತೆಗೊಬ್ಬ ಹಿರಿಯ ಫಿಸಿಯೋಥೆರಪಿಸ್ಟ್ ಇದ್ದು ಅಂಕ ಕೊಡುತ್ತಾರೆ.

ಪಾರ್ಶ್ವವಾಯು ವಾರ್ಡಿನ ಒಂದು ಉದಾಹರಣೆ ಹೇಳುತ್ತೇನೆ. ಎಡಭಾಗ ಬಿದ್ದುಹೋದ ರೋಗಿಯನ್ನು ಮೊದಲ ಬಾರಿ ಹಾಸಿಗೆಯ ಅಂಚಿನಲ್ಲಿ ಕೂರಿಸುವಾಗ ಅವರು ಎಡಕ್ಕೆ ವಾಲುತ್ತಾರೆ. ಹೊಸ ವಿದ್ಯಾರ್ಥಿ ತಕ್ಷಣ ಹೆಗಲನ್ನು ಹಿಡಿದು ನೆಟ್ಟಗೆ ಮಾಡಲು ಹೋಗುತ್ತಾನೆ. ಹಿರಿಯರು ಅವನ ಕೈಯನ್ನು ಹೆಗಲಿನಿಂದ ತೆಗೆಸಿ ಸೊಂಟದ ಮೇಲಿಡಿಸಿ, ಪಾದಗಳು ನೆಲಕ್ಕೆ ಪೂರ್ತಿ ತಾಗಿವೆಯೇ, ಹಾಸಿಗೆಯ ಎತ್ತರ ಸರಿಯಿದೆಯೇ ಎಂದು ನೋಡಲು ಹೇಳುತ್ತಾರೆ. ಆಮೇಲೆ ಪ್ರಶ್ನೆ: ವಾಲುತ್ತಿರುವುದು ಸ್ನಾಯುಗಳಲ್ಲಿ ಬಲವಿಲ್ಲದ್ದಕ್ಕೋ, ಆ ಭಾಗದ ಸ್ಪರ್ಶಜ್ಞಾನವೇ ಇಲ್ಲದ್ದಕ್ಕೋ, ಅಥವಾ ಎಡಗಡೆ ಎಂಬುದೊಂದಿದೆ ಎಂದು ಮಿದುಳು ಗಮನಿಸುತ್ತಲೇ ಇಲ್ಲವೋ? ಈ ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಎರಡು ವರ್ಷವೂ ಇಂಥ ಏಕೆ ಎಂಬ ಪ್ರಶ್ನೆಯನ್ನೇ ಎದುರಿಸಬೇಕಾಗುತ್ತದೆ. ಕೊನೆಯ ಘಟ್ಟದಲ್ಲಿ ಸಂಶೋಧನಾ ಪ್ರಬಂಧವೂ ಇದೆ. ಪ್ಲೇಸ್‌ಮೆಂಟಿನ ದಣಿವಿನಲ್ಲಿ ಅದನ್ನು ಬರೆಯುವುದು ಬೇಸರದ ಕೆಲಸವೇ ಸರಿ.

ಕುಡ್ಲದ ಬಿಪಿಟಿ:

ಮೇಲಿನವರು ಹೇಳಿದ ಒಂದು ವರ್ಷದ ಎಂಎಸ್ಸಿಯ ಬಗ್ಗೆ ನಾನೊಂದು ಮಾತು ಸೇರಿಸಬೇಕು, ಏಕೆಂದರೆ ಈ ಚರ್ಚೆಯನ್ನು ಕರ್ನಾಟಕದ ಬಿಪಿಟಿ ವಿದ್ಯಾರ್ಥಿಗಳೂ ಓದುತ್ತಿರಬಹುದು. ನಾನು ಮಂಗಳೂರಿನಲ್ಲಿ ಬಿಪಿಟಿ ಮುಗಿಸಿ ಅಂಥ ಕೋರ್ಸಿಗೇ ಬಂದವನು. ಆ ಎಂಎಸ್ಸಿ ಕೈಗೆ ಬಂದ ಮಾತ್ರಕ್ಕೆ ಎಚ್‌ಸಿಪಿಸಿ ನೋಂದಣಿ ಸಿಗುವುದಿಲ್ಲ. ನಮ್ಮ ಅರ್ಜಿ ಅಂತರರಾಷ್ಟ್ರೀಯ ಅಭ್ಯರ್ಥಿಗಳ ದಾರಿಯಲ್ಲೇ ಹೋಗಬೇಕು, ಮತ್ತು ಅಲ್ಲಿ ಮುಖ್ಯವಾಗಿ ಪರಿಶೀಲಿಸುವುದು ನಮ್ಮ ಬಿಪಿಟಿಯನ್ನು. ಯಾವ ವಿಷಯಕ್ಕೆ ಎಷ್ಟು ಗಂಟೆ ಪಾಠ, ಯಾವ ವಿಭಾಗದಲ್ಲಿ ಎಷ್ಟು ಗಂಟೆ ರೋಗಿಗಳ ಜೊತೆ ಕೆಲಸ ಎಂಬ ವಿವರವನ್ನು ಕಾಲೇಜಿನಿಂದ ದೃಢೀಕರಿಸಿ ತರಿಸಬೇಕಾಗುತ್ತದೆ. ಊರಿನಲ್ಲಿರುವಾಗಲೇ ಕಾಲೇಜಿನ ಕಚೇರಿಗೆ ಹೋಗಿ ಇದನ್ನು ಮಾಡಿಸಿಕೊಂಡು ಬಂದವರು ಜಾಣರು. ಇಲ್ಲಿಂದ ಮಿಂಚಂಚೆ ಕಳುಹಿಸಿ ಕಾಯುವವರ ತಾಳ್ಮೆಯ ಪರೀಕ್ಷೆ ಬೇರೆಯೇ ಆಗುತ್ತದೆ.

ಇನ್ನೂ ಕೆಲವರು ಏಜೆಂಟರ ಮಾತು ನಂಬಿ, ಒಂದು ವರ್ಷ ಮುಗಿದೊಡನೆ ಎನ್‌ಎಚ್‌ಎಸ್ ಕೆಲಸ ಗ್ಯಾರಂಟಿ ಎಂದುಕೊಂಡು ಬರುತ್ತಾರೆ. ಎಚ್‌ಸಿಪಿಸಿಗೆ ಊರಿನಿಂದಲೇ ಅರ್ಜಿ ಹಾಕಬಹುದು, ಅದಕ್ಕೆ ಇಲ್ಲಿನ ಎಂಎಸ್ಸಿ ಬೇಕೇ ಬೇಕೆಂದಿಲ್ಲ. ಇದನ್ನು ಯಾವ ಏಜೆಂಟನೂ ಹೇಳುವುದಿಲ್ಲ, ಹೇಳಿದರೆ ಅವನಿಗೆ ಕಮಿಷನ್ ಎಲ್ಲಿಂದ ಬರಬೇಕು?

ತುಂಗಾತೀರ:

ಇಬ್ಬರಿಗೂ ಅನಂತ ಧನ್ಯವಾದಗಳು. ಈಗ ಶುಲ್ಕದ ಪ್ರಶ್ನೆ ಉಳಿದಿದೆ. ಆರೋಗ್ಯ ಕೋರ್ಸುಗಳಿಗೆ ವರ್ಷಕ್ಕೆ 5,000 ಪೌಂಡ್ ಸರ್ಕಾರದ ನೆರವು ಇದೆ ಎಂದು ಓದಿದೆ. ಅವಲಂಬಿತ ವೀಸಾದವರಿಗೆ ಅದು ಸಿಗುತ್ತದೆಯೇ?

ಮಿಡ್‌ಲ್ಯಾಂಡ್ಸ್ ಫಿಸಿಯೋ:

ಸದ್ಯದ ಸ್ಥಿತಿಯಲ್ಲಿ ಸಿಗುವುದಿಲ್ಲ ಎಂದೇ ತಿಳಿಯಿರಿ. ನೀವು ಹೇಳುತ್ತಿರುವುದು ಎನ್‌ಎಚ್‌ಎಸ್ ಲರ್ನಿಂಗ್ ಸಪೋರ್ಟ್ ಫಂಡ್. ಅದನ್ನು ಮರಳಿ ಕಟ್ಟಬೇಕಾಗಿಲ್ಲ, ಚಿಕ್ಕ ಮಕ್ಕಳಿದ್ದವರಿಗೆ ಇನ್ನೂ 2,000 ಪೌಂಡ್ ಸೇರುತ್ತದೆ. ಆದರೆ ಇಂಗ್ಲೆಂಡಿನ ವಿದ್ಯಾರ್ಥಿ ಸಾಲಕ್ಕೆ ಅರ್ಹರಾದವರಿಗೆ ಮಾತ್ರ ಅದು ದೊರೆಯುತ್ತದೆ. ಸಾಮಾನ್ಯವಾಗಿ ಕೋರ್ಸ್ ಆರಂಭವಾಗುವ ಹೊತ್ತಿಗೆ ನಿಮಗೆ ಐಎಲ್‌ಆರ್ (ಕಾಲಮಿತಿಯಿಲ್ಲದೆ ಇಲ್ಲಿ ನೆಲೆಸುವ ಅನುಮತಿ) ಸಿಕ್ಕಿರಬೇಕು, ಅದಕ್ಕೂ ಹಿಂದಿನ ಮೂರು ವರ್ಷ ನೀವು ಇಲ್ಲೇ ವಾಸವಾಗಿರಬೇಕು. ಆಗ ಶುಲ್ಕವೂ ಸ್ಥಳೀಯರದೇ ಆಗುತ್ತದೆ. ಇನ್ನೊಂದು ಅನುಕೂಲವೆಂದರೆ, ಈಗಾಗಲೇ ಒಂದು ಪದವಿ ಇದ್ದರೂ ಈ ಕೋರ್ಸಿಗೆ ಪದವಿ ಹಂತದ ಸಾಲವನ್ನೇ ಕೊಡುತ್ತಾರೆ. ಅಲ್ಲಿಯವರೆಗೆ ವಿದೇಶಿ ವಿದ್ಯಾರ್ಥಿಗಳ ಶುಲ್ಕ ಕಟ್ಟಬೇಕಾಗುತ್ತದೆ, ಅದು ಬಹಳ ಹೆಚ್ಚು.

ಸಾಲ ಮಾಡಿ ಈಗಲೇ ಸೇರುವುದಕ್ಕಿಂತ, ಎನ್‌ಎಚ್‌ಎಸ್‌ನಲ್ಲಿ ಥೆರಪಿ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಹಾಕಿ ಎಂಬುದು ನನ್ನ ಸಲಹೆ. ಆ ಹುದ್ದೆಗಳು ಎನ್‌ಎಚ್‌ಎಸ್‌ನ ಸಂಬಳ ಶ್ರೇಣಿಗಳಾದ ಬ್ಯಾಂಡ್ 2, 3ರಲ್ಲಿ ಬರುತ್ತವೆ, ನೋಂದಣಿ ಬೇಕಿಲ್ಲ, ನಿಮ್ಮ ವೀಸಾದಲ್ಲಿ ಕೆಲಸಕ್ಕೆ ಅಡ್ಡಿಯೂ ಇಲ್ಲ. ಫಿಸಿಯೋಥೆರಪಿಸ್ಟ್ ಹಾಕಿಕೊಟ್ಟ ವ್ಯಾಯಾಮಗಳನ್ನು ರೋಗಿಗಳಿಂದ ಮಾಡಿಸುವುದು, ವಾಕರ್‌ನ ಎತ್ತರ ಸರಿಪಡಿಸಿಕೊಡುವುದು, ಆದದ್ದನ್ನು ದಾಖಲೆಯಲ್ಲಿ ಬರೆಯುವುದು ಇವೆಲ್ಲ ಅಲ್ಲಿ ರೂಢಿಯಾಗುತ್ತವೆ. ಕೆಲವು ಆಸ್ಪತ್ರೆಗಳು ಇಂಥ ನೌಕರರನ್ನೇ ಆರಿಸಿ, ಸಂಬಳ ಕೊಡುತ್ತಲೇ ಓದಿಸುವ ಡಿಗ್ರಿ ಅಪ್ರೆಂಟಿಸ್‌ಶಿಪ್‌ಗೆ ಕಳುಹಿಸುತ್ತವೆ. ಅದು ಎರಡು ವರ್ಷದಲ್ಲಿ ಮುಗಿಯುವುದಿಲ್ಲ ಮತ್ತು ಸಿಗುವುದೂ ಸುಲಭವಲ್ಲ, ಆದರೆ ಶುಲ್ಕದ ಚಿಂತೆಯಿರುವುದಿಲ್ಲ. ಈಚೆಗೆ ಹೊಸದಾಗಿ ಓದಿ ಬಂದವರಿಗೆ ಬ್ಯಾಂಡ್ 5 ಹುದ್ದೆಗಳು ಸಾಕಷ್ಟಿಲ್ಲ, ಒಂದು ಜಾಗಕ್ಕೆ ಹತ್ತಾರು ಅರ್ಜಿಗಳು ಬರುತ್ತವೆ. ವಾರ್ಡಿನವರಿಗೆ ಮುಖಪರಿಚಯವಿದ್ದ ಅಭ್ಯರ್ಥಿಯ ಮಾತು ಆಗ ಬೇರೆ.

ಧಾರವಾಡದ ಮೇಷ್ಟ್ರು:

ನಾನು ಫಿಸಿಯೋಥೆರಪಿ ಕಾಲೇಜಿನಲ್ಲಿ ಪಾಠ ಹೇಳುವವನು. ಇಲ್ಲಿಯವರೆಗೆ ಯಾರೂ ಊರಿಗೆ ಮರಳುವ ವಿಚಾರ ಎತ್ತಿಲ್ಲ. ತಂಗಿ, ನಿಮಗೆ ಊರಿನಲ್ಲಿ ಹೇಳಿದ್ದು ಸರಿಯಾಗಿಯೇ ಇದೆ. ಬೇರೆ ಪದವಿ ಪಡೆದವರು ಸ್ನಾತಕೋತ್ತರ ಹಂತದಿಂದ ಈ ವೃತ್ತಿಗೆ ಬರುವ ಬಾಗಿಲು ನಮ್ಮಲ್ಲಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಎಂಪಿಟಿ, ಅಂದರೆ ಫಿಸಿಯೋಥೆರಪಿಯ ಸ್ನಾತಕೋತ್ತರ ಪದವಿ, ಎರಡು ವರ್ಷದ್ದು. ಅದಕ್ಕೆ ಸೇರಲು ಬಿಪಿಟಿ ಆಗಿರಲೇಬೇಕು. ನರರೋಗ, ಹೃದಯ-ಶ್ವಾಸಕೋಶ, ಮಕ್ಕಳ ವಿಭಾಗ ಹೀಗೆ ಒಂದನ್ನು ಆರಿಸಿಕೊಂಡು ಆಳವಾಗಿ ಓದಿ, ಪ್ರಬಂಧ ಬರೆಯುವುದು ಅದರ ಉದ್ದೇಶ. ಅಂದರೆ ನಮ್ಮ ಎಂಪಿಟಿ ಪರಿಣತಿಗೆ, ಅಲ್ಲಿನ ಪ್ರೀ-ರಿಜಿಸ್ಟ್ರೇಷನ್ ಎಂಎಸ್ಸಿ ವೃತ್ತಿಪ್ರವೇಶಕ್ಕೆ. ಎರಡೂ ಸ್ನಾತಕೋತ್ತರ ಪದವಿಗಳೇ ಆದರೂ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲಾಗದು. ಆಸ್ಟ್ರೇಲಿಯಾ, ಕೆನಡಾಗಳಲ್ಲೂ ಮಾಸ್ಟರ್ಸ್ ಮೂಲಕ ವೃತ್ತಿಗೆ ಬರಬಹುದು, ಅಮೆರಿಕದಲ್ಲಂತೂ ಪದವಿಯ ನಂತರದ ಡಿಪಿಟಿಯೇ (ಡಾಕ್ಟರ್ ಆಫ್ ಫಿಸಿಕಲ್ ಥೆರಪಿ) ವೃತ್ತಿಯ ಬಾಗಿಲು.

ಭಾರತದಲ್ಲಿ 2021ರ ಕಾಯ್ದೆಯ ಪ್ರಕಾರ ಸಹಾಯಕ ಮತ್ತು ಆರೋಗ್ಯ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗ ಬಂದಿದೆ, ಫಿಸಿಯೋಥೆರಪಿಯೂ ಅದರ ವ್ಯಾಪ್ತಿಯಲ್ಲಿದೆ. ಎರಡು ವರ್ಷದ ವಿದೇಶಿ ಎಂಎಸ್ಸಿ ಹಿಡಿದು ಬಂದು ಇಲ್ಲಿ ಕ್ಲಿನಿಕ್ ತೆರೆಯುವ ಅಥವಾ ಪಾಠ ಹೇಳುವ ಯೋಚನೆಯಿದ್ದರೆ, ಕೋರ್ಸ್ ಸೇರುವ ಮೊದಲೇ ಆ ಆಯೋಗಕ್ಕೆ ಪತ್ರ ಬರೆದು ಲಿಖಿತ ಉತ್ತರ ಪಡೆಯಿರಿ. ಬ್ರಿಟನ್ನಿನಲ್ಲೇ ನೆಲೆಸುವುದು ಖಚಿತವಿದ್ದರೆ ಈ ತಾಪತ್ರಯ ನಿಮಗಿಲ್ಲ.

ಇನ್ನೊಂದು ಕೆಲಸವನ್ನು ಈಗಲೇ ಮಾಡಿಸಿ. ಊರಿನಲ್ಲಿರುವ ಯಾರನ್ನಾದರೂ ನಿಮ್ಮ ಕಾಲೇಜಿಗೆ ಕಳುಹಿಸಿ, ನೀವು ಓದಿದ ವರ್ಷಗಳ ಪ್ರಾಣಿಶಾಸ್ತ್ರದ ಪಠ್ಯಕ್ರಮದ ಪ್ರತಿಯನ್ನು ಮೊಹರು ಹಾಕಿಸಿ ತರಿಸಿಕೊಳ್ಳಿ. ಪಠ್ಯಕ್ರಮ ಬದಲಾದ ಮೇಲೆ ಹಳೆಯದು ಕಚೇರಿಯಲ್ಲಿ ಸಿಗುವುದು ಕಷ್ಟ. ಅಂಕಪಟ್ಟಿಯಲ್ಲಿ ಪ್ರಾಣಿಶಾಸ್ತ್ರ ಎಂದಷ್ಟೇ ಇರುತ್ತದೆ, ಅದರೊಳಗೆ ಮಾನವ ಶರೀರಕ್ರಿಯೆ ಎಷ್ಟಿತ್ತು ಎಂಬುದು ಅಲ್ಲಿನವರಿಗೆ ಆ ಪ್ರತಿಯಿಂದಲೇ ತಿಳಿಯಬೇಕು.

ತುಂಗಾತೀರ:

ತಮ್ಮನಿಗೆ ಈಗಷ್ಟೇ ಫೋನ್ ಮಾಡಿ ಹೇಳಿದೆ, ಸೋಮವಾರ ಕಾಲೇಜಿಗೆ ಹೋಗುತ್ತಾನೆ. ಥೆರಪಿ ಅಸಿಸ್ಟೆಂಟ್ ಹುದ್ದೆಯ ಅರ್ಜಿಯನ್ನೂ ತುಂಬಲು ಕುಳಿತಿದ್ದೇನೆ. ಅದರಲ್ಲಿ ಬರೆಯಬೇಕಾದ ವಿವರಣೆಯನ್ನು ಯಾರಾದರೂ ಒಮ್ಮೆ ಓದಿ ತಿದ್ದಿಕೊಡುವುದಾದರೆ ದಯವಿಟ್ಟು ತಿಳಿಸಿ.